ಗ್ರಂಥಾಲಯದ ಪಟ್ಟಿ, ಮೂರನೇ ತಿಂಗಳು: ಕಿಞ್ಞಣ್ಣ ರೈ ಸಿಗ್ತಾ ಇಲ್ಲ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮೂರಲ್ಲೊಂದು ಸಣ್ಣ ಗ್ರಂಥಾಲಯ ಇದೆ. ಅದರ ಪುಸ್ತಕಗಳನ್ನು ಮೊಬೈಲಲ್ಲೇ ಹುಡುಕುವ ಹಾಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ ಎಂದು ಒಪ್ಪಿಕೊಂಡು ಮೂರು ತಿಂಗಳಾಯಿತು. ದುಡ್ಡಿನ ಕೆಲಸ ಅಲ್ಲ. ವಾರವಿಡೀ ಗಿರಾಕಿಗಳ ಕೆಲಸ, ಶನಿವಾರ ಸಂಜೆ ಇದು. ಒಬ್ಬ ಗಿರಾಕಿ ವಿಷುವಿಗೆ ಕೊಡಬೇಕಾದ ಹಣ ಇನ್ನೂ ಕೊಟ್ಟಿಲ್ಲ. ಅದು ಬೇರೆ ಕಥೆ, ಬಿಡಿ.

ಪುಸ್ತಕಗಳ ಪಟ್ಟಿಯನ್ನು ಯಾರೋ ಹಿಂದೆಯೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿಟ್ಟಿದ್ದರು. ಫಾಂಟ್ ತೆಗೆದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಯಾವ ಮೊಬೈಲಲ್ಲೂ ಓದಿಸಿಕೊಳ್ಳುವ ಯೂನಿಕೋಡಿಗೆ ತರಲು ಪೈಥಾನಿನಲ್ಲಿ ಒಂದು ಸ್ಕ್ರಿಪ್ಟ್ ಬರೆದೆ. ಆ ಚಿಹ್ನೆಗೆ ಈ ಅಕ್ಷರ ಅಂತ ಬದಲಾಯಿಸಿದರೆ ಮುಗಿಯಿತು ಎಂದುಕೊಂಡಿದ್ದೆ. ಅರ್ಕಾವತ್ತು ಕೈಕೊಟ್ಟಿತು.

‘ಕರ್ನಾಟಕ’ ಪದವನ್ನೇ ನೋಡಿ. ಹಳೆಯ ಫಾಂಟು ಕಣ್ಣಿಗೆ ಕಂಡ ಹಾಗೆ ಇಟ್ಟುಕೊಳ್ಳುತ್ತದೆ: ಮೊದಲು ಕ, ಆಮೇಲೆ ನಾ, ಅದರ ನಂತರ ಅರ್ಕಾವತ್ತು. ಯೂನಿಕೋಡಿಗೆ ಬಾಯಲ್ಲಿ ಹೇಳುವ ಕ್ರಮ ಬೇಕು: ಕ, ರ್, ನಾ. ಹಾಗಾಗಿ ಅರ್ಕಾವತ್ತನ್ನು ಅದರ ಹಿಂದಿನ ಇಡೀ ಅಕ್ಷರ ದಾಟಿಸಿ ಆ ಅಕ್ಷರಕ್ಕೂ ಮೊದಲು ತರಬೇಕು, ದೀರ್ಘ, ಒತ್ತು ಎಲ್ಲ ಸೇರಿ. ನಾನು ಒಂದೇ ಚಿಹ್ನೆ ದಾಟಿಸಿದ್ದೆ. ಬಂದದ್ದು ‘ಕನರ್ಾಟಕ’. ಈ ರೂಪ ನೀವೂ ಎಲ್ಲಾದರೂ ನೋಡಿರ್ತೀರಿ. ಸರಿಮಾಡಲು ಎರಡು ಶನಿವಾರ ಹೋಯಿತು.

ಎಲ್ಲ ಆಯ್ತು ಅಂದುಕೊಂಡು ಗ್ರಂಥಾಲಯ ನೋಡಿಕೊಳ್ಳುವ ಮಾಷ್ಟ್ರ ಕೈಗೆ ಕೊಟ್ಟೆ. ‘ಮಾಷ್ಟ್ರೇ, ಯಾವುದಾದರೂ ಹೆಸರು ಹುಡುಕಿ ನೋಡಿ.’ ಅವರು ಕನ್ನಡಕ ಹಣೆಗೆ ಏರಿಸಿ, ನಮ್ಮ ಕಡೆಯ ಕವಿ ಕಯ್ಯಾರ ಕಿಞ್ಞಣ್ಣ ರೈಗಳನ್ನು ಹುಡುಕಲು ಒಂದೇ ಬೆರಳಲ್ಲಿ ‘ಕಿನ್ನಣ್ಣ ರೈ’ ಎಂದು ಒತ್ತಿದರು. ಸೊನ್ನೆ ಪುಸ್ತಕ.

‘ಎಂತ ಮಾರಾಯಾ, ಬದಿಯಡ್ಕದಲ್ಲಿ ಕೂತು ಕಯ್ಯಾರರೇ ಇಲ್ಲ ಅಂತೀಯಲ್ಲ?’

ಅವರ ಬೆನ್ನ ಹಿಂದಿನ ಕಪಾಟಿನಲ್ಲೇ ಪುಸ್ತಕಗಳು ಸಾಲಾಗಿ ನಿಂತಿದ್ದವು. ಪಟ್ಟಿಯಲ್ಲಿ ಇದ್ದದ್ದು ಸರಿಯಾದ ‘ಕಿಞ್ಞಣ್ಣ’. ಆದರೆ ಮೊಬೈಲಲ್ಲಿ ಞ ಹುಡುಕಿ ಒತ್ತುವವರು ಯಾರು? ಕೆಲವರು ಕಿಂಞಣ್ಣ ಅಂತಾರೆ. ಇಂಗ್ಲಿಷಿನಿಂದ ಬಂದರೆ ಕಿನ್ಹಣ್ಣ. ನಮ್ಮ ಕಡೆ ಕುಞ್ಞಿ, ಕುಂಞಿ ಹೆಸರಿನವರೂ ಬೇಕಾದಷ್ಟಿದ್ದಾರೆ, ಮಲಯಾಳದ ನೆರೆ ಅಲ್ವಾ. ಹಾಗಾಗಿ ಹುಡುಕಾಟಕ್ಕೆ ಮಾತ್ರ ಬೇರೊಂದು ಕಾಲಂ ಮಾಡಿದೆ. ಅಲ್ಲಿ ಞ್ಞ, ಂಞ, ನ್ಹ ಎಲ್ಲವೂ ನ್ನ ಆಗುತ್ತವೆ, ಕೈಯಾರ ಎಂದರೂ ಕಯ್ಯಾರ. ತೆರೆಯ ಮೇಲೆ ಕಾಣುವ ಹೆಸರನ್ನು ಮುಟ್ಟಿಲ್ಲ. ನೂರು ವರ್ಷ ಬಾಳಿದ ಕವಿಯ ಹೆಸರನ್ನು ನನ್ನ ಅನುಕೂಲಕ್ಕೆ ತಿದ್ದುವುದು ಸರಿಯಲ್ಲ ಅನ್ನಿಸಿತು.

ಇಷ್ಟರಲ್ಲಿ ಒಂದು ಮುದ್ರಣಾಲಯದವರಿಗೆ ಸ್ಕ್ರಿಪ್ಟಿನ ಸುದ್ದಿ ಮುಟ್ಟಿ, ತಮ್ಮ ಹಳೆಯ ಫೈಲುಗಳನ್ನೂ ಬದಲಾಯಿಸಿಕೊಡಿ ಎಂದರು. ಇದಕ್ಕೆ ದುಡ್ಡು ಉಂಟು. ಅರ್ಧ ಮುಂಗಡ ತೆಗೆದುಕೊಂಡೇ ಶುರು ಮಾಡಿದೆ.

ಬೇಜಾರಾದಾಗ ಚಿತ್ರ ಬಿಡಿಸುವುದು ನನ್ನ ಅಭ್ಯಾಸ. ಪ್ರತಿ ವಿಭಾಗಕ್ಕೂ ಒಂದೊಂದು ಸಣ್ಣ ಚಿತ್ರ ಮಾಡುತ್ತಿದ್ದೇನೆ. ಕೃಷಿಗೆ ಅಡಿಕೆ ಗೊನೆ, ಸುಲಭ. ಯಕ್ಷಗಾನಕ್ಕೆ ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರದ, ಕೇಸರಿ ತಟ್ಟಿ ಕಿರೀಟವೇ ಬೇಕು ಅಂತ ನನಗೇ ಹಟ. ತೆಂಕುತಿಟ್ಟಿನ ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯಲ್ಲಿದ್ದು ಬಡಗುತಿಟ್ಟಿನ ಮುಂಡಾಸು ಹಾಕಲಾಗುತ್ತದೆಯೇ? ಕಾಗದದ ಮೇಲೆ ಚೆನ್ನಾಗಿಯೇ ಬಂತು. 48 ಪಿಕ್ಸೆಲಿಗೆ ಇಳಿಸಿದ ಮೇಲೆ ಅಮ್ಮ ನೋಡಿ, ‘ಇದೆಂತ, ಕೊರೆದ ಹಲಸಿನ ಹಣ್ಣಾ?’ ಎಂದಳು. ಒಳಗಿನ ಗೆರೆಗಳನ್ನೆಲ್ಲ ತೆಗೆದು, ಹೊರಗೆರೆ ದಪ್ಪ ಮಾಡಿ ಮತ್ತೆ ಬಿಡಿಸಿದ್ದೇನೆ. ಅಮ್ಮನಿಗೆ ಇನ್ನೂ ತೋರಿಸಿಲ್ಲ.

ಬಾಕಿ ಇರುವುದು ಮುಖಪುಟವೇ ಇಲ್ಲದ ಯಕ್ಷಗಾನ ಪ್ರಸಂಗ ಪುಸ್ತಕಗಳು, ಸುಮಾರು ನಲವತ್ತು. ಒಳಗಿನ ಪದ್ಯ ಓದಿದರೆ ಪ್ರಸಂಗ ಯಾವುದೆಂದು ಹೇಳುವ ಭಾಗವತರೊಬ್ಬರು ಇದ್ದಾರಂತೆ. ಮುಂದಿನ ಶನಿವಾರ ಕರೆತರುತ್ತೇನೆ ಎಂದಿದ್ದಾರೆ ಮಾಷ್ಟ್ರು. ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಮಾಡಿಕೊಂಡು ಹೋಗಬೇಕು. ಮಳೆ ಹಿಡಿದರೆ ಅಲ್ಲಿ ಕರೆಂಟು ಇರುವುದಿಲ್ಲ.