ಆನೆ ಭಯಕ್ಕೆ ನಾಲ್ಕು ಹನಿ

ಫೆಬ್ರವರಿ ಬಂತೆಂದರೆ ನಮ್ಮ ಸಕಲೇಶಪುರದ ಕಡೆ ರೋಬಸ್ಟಾ ತೋಟಗಳಿಗೆ ನೀರು ಹೊಡೆಯುವ ಗಡಿಬಿಡಿ. ಕಾಫಿ ಹೂವಾಗಬೇಕಲ್ಲ, ಮಳೆ ಬರಲಿ ಅಂತ ಕೂತರೆ ಆಗಲ್ಲ. ಕರೆಂಟು ರಾತ್ರಿ ಬಂದರೆ ನಮ್ಮ ಯಜಮಾನರು ರಾತ್ರಿಯೇ ಟಾರ್ಚ್ ಹಿಡಿದು, ತಿರುಗುತ್ತಾ ನೀರು ಚಿಮ್ಮಿಸುವ ಜೆಟ್ಟಿನ ಜಾಗ ಬದಲಾಯಿಸಲು ಹೊರಡುತ್ತಾರೆ. ಅದೇ ಹೊತ್ತಿಗೆ ವಾಟ್ಸಾಪ್‌ನಲ್ಲಿ ಆನೆ ಯಾರ ತೋಟದಲ್ಲಿದೆ, ಯಾವ ಕಡೆ ಹೊರಟಿದೆ ಅಂತ ಮೆಸೇಜ್ ಮೇಲೆ ಮೆಸೇಜ್. ನಾನು ಮಲಗಿದಲ್ಲೇ ಅದನ್ನು ನೋಡುತ್ತಾ ಬೆಳಗು ಮಾಡುತ್ತಿದ್ದೆ.

ಹಾಸನದಲ್ಲಿರುವ ಅಕ್ಕ ಇದನ್ನು ಕೇಳಿ, ಬಲವಂತ ಮಾಡಿ ತಾನು ತೋರಿಸುವ ಹೋಮಿಯೋಪತಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ಹೂವಿನ ಔಷಧಿಯನ್ನೂ ಕೊಡುತ್ತಾರೆ. ಇದು ಹೋಮಿಯೋಪತಿಯಲ್ಲ, ಬೇರೆಯದೇ. ಎಡ್ವರ್ಡ್ ಬ್ಯಾಚ್ ಅಂತ ಇಂಗ್ಲೆಂಡಿನ ಡಾಕ್ಟರು, 1936ರಲ್ಲಿ ತೀರಿಕೊಂಡವರು, ಮಾಡಿಟ್ಟ 38 ಔಷಧಿಗಳು. ಕೆಲವು ಹೂಗಳನ್ನು ನೀರಿನಲ್ಲಿ ತೇಲಿಸಿ ಬಿಸಿಲಿಗಿಡುತ್ತಾರೆ, ಕೆಲವನ್ನು ಕುದಿಸುತ್ತಾರೆ, ಆಮೇಲೆ ಆ ನೀರಿಗೆ ಬ್ರಾಂದಿ ಸೇರಿಸುತ್ತಾರೆ. ನಮ್ಮ ಕರ್ಣಕುಂಡಲದ ಜಾತಿಯ, ಹಿಮಾಲಯದ ಕಡೆಯ ಒಂದು ಹೂವೂ ಅದರಲ್ಲಿದೆ. ಅದು ಆತುರಗಾರರಿಗಂತೆ.

"ಭಯ ಯಾವುದರದ್ದು ಅಂತ ಗೊತ್ತಾ, ಇಲ್ಲಾ ಕಾರಣವೇ ಇಲ್ಲದೆ ಎದೆ ಡವಡವ ಅನ್ನುತ್ತಾ?" ಡಾಕ್ಟರು ಕೇಳಿದರು.

"ಆನೆದು ಡಾಕ್ಟ್ರೇ."

ಕಾರಣ ಗೊತ್ತಿರುವ ದಿನನಿತ್ಯದ ಭಯಕ್ಕೆ ಮಿಮ್ಯುಲಸ್, ಕಾರಣ ಗೊತ್ತಿಲ್ಲದ್ದಕ್ಕೆ ಆಸ್ಪೆನ್ ಅಂದರು. ಮಿಮ್ಯುಲಸ್ ಬಾಟಲಿಗೆ ಕೈ ಹಾಕಿದವರು ಹಾಗೇ ನಿಂತರು.

"ನೀವೂ ತೋಟಕ್ಕೆ ಹೋಗ್ತೀರಾ?"

"ದಿನಾ ಹೋಗ್ತೀನಿ."

"ಆಗಲೂ ಇಷ್ಟೇ ಭಯಾನಾ?"

ಯೋಚಿಸಿದೆ. ಹಾದಿಯಲ್ಲಿ ಬಿಸಿ ಲದ್ದಿ ಕಂಡರೂ ಆಚೀಚೆ ನೋಡಿಕೊಂಡು ಕೆಲಸ ಮುಗಿಸಿ ಬರುವವಳು ನಾನು. ಇಲ್ಲ ಅಂದೆ. ಅವರು ಬಾಟಲಿ ಬದಲಾಯಿಸಿದರು. ರೆಡ್ ಚೆಸ್ಟ್‌ನಟ್. ತಮಗಲ್ಲ, ತಮ್ಮವರಿಗೆ ಏನಾಗುತ್ತೋ ಅಂತ ಹೆದರುವವರಿಗೆ. ಇಷ್ಟು ದಿನ ಆನೆ ಆನೆ ಅಂತಿದ್ದವಳಿಗೆ ಅಕ್ಕನ ಮುಖ ನೋಡಲೂ ನಾಚಿಕೆಯಾಯಿತು.

ನಾಲ್ಕು ಹನಿ, ದಿನಕ್ಕೆ ನಾಲ್ಕು ಸಲ. ಮೊದಲನೇ ದಿನವೇ ಅತ್ತೆ ಲೋಟ ಮೂಸಿ, "ಏನಮ್ಮಾ ಇದು, ಬ್ರಾಂದಿ ವಾಸನೆ?" ಅಂದರು. ಔಷಧಿ ಅಂದರೂ ನಂಬಲಿಲ್ಲ, ಅಕ್ಕನಿಗೆ ಫೋನ್ ಹಾಕಿ ಕೊಡಬೇಕಾಯಿತು.

ನಿದ್ದೆ ಬಂತಾ? ಬಂತು. ಹನಿಯಿಂದಲೇ ಅಂತ ನಾನು ಹೇಳಲಾರೆ. ಇವನ್ನು ಪರೀಕ್ಷೆಗೆ ಒಡ್ಡಿದಾಗ, ಔಷಧಿಯಿಲ್ಲದ ಬರೀ ಹನಿ ಕೊಟ್ಟದ್ದಕ್ಕಿಂತ ಜಾಸ್ತಿ ಗುಣ ಕಂಡಿಲ್ಲ ಅಂತ ಆಮೇಲೆ ಓದಿದೆ. ಇರಬಹುದು. ಆದರೆ ಅವತ್ತು ಹಾಸನದಿಂದ ಬಂದ ರಾತ್ರಿಯೇ ಯಜಮಾನರಿಗೆ, "ರೀ, ನನಗೆ ಆನೆ ಭಯ ಅಲ್ಲ, ನೀವು ಒಬ್ಬರೇ ಹೋಗ್ತೀರಲ್ಲ, ಅದು" ಅಂದಿದ್ದೆ. ಅವರು ಏನೂ ಮಾತಾಡಲಿಲ್ಲ. ಮಾರನೇ ದಿನದಿಂದ ಮೇಸ್ತ್ರಿಯನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದಾರೆ, ಗ್ರೂಪ್ ನೋಡದೆ ಹೊರಡುವುದಿಲ್ಲ. ಆನೆ ಹತ್ತಿರದಲ್ಲಿದ್ದರೆ ಜೆಟ್ ಅಲ್ಲೇ ತಿರುಗುತ್ತಿರಲಿ ಅಂತ ಬಿಟ್ಟುಬಿಡುತ್ತಾರೆ.

ಆನೆ ಕಂಡರೆ ಹೆದರಿಕೆಯೇ ಆಗದಂತೆ ಮಾಡುವ ಹನಿ ಇದ್ದಿದ್ದರೆ ನಾನಂತೂ ಮನೆಯಲ್ಲಿ ಯಾರಿಗೂ ಕೊಡುತ್ತಿರಲಿಲ್ಲ.

ಬಾಟಲಿ ಖಾಲಿಯಾಗಿದೆ, ಮತ್ತೆ ತಂದಿಲ್ಲ. ಅತ್ತೆ ಮಾತ್ರ ಮೊನ್ನೆ, "ಹಾಸನಕ್ಕೆ ಹೋದ್ರೆ ಹಲ್ಲಿ ಭಯಕ್ಕೂ ಅದರಲ್ಲಿ ಏನಾದ್ರೂ ಇದೆಯಾ ಕೇಳ್ಕೊಂಡು ಬಾ" ಅಂದರು.