ನೀವು ಶಾಲೆಗೆ ಹೋದ ದಾರಿ ಯಾವುದು?

ಮೊನ್ನೆ ಭಾನುವಾರ ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಅನ್ನೋ ಕಾಡುಗುಡ್ಡದ ಸೀಮೆಯ ಒಂದು ಬೆಂಚಿನ ಮೇಲೆ ಕೂತು ಒಗ್ಗರಣೆ ಅವಲಕ್ಕಿ ತಿನ್ನುತ್ತಿದ್ದಾಗ ನನ್ನ ಬಾಯಿ ಕಟ್ಟಿತು. ಕಟ್ಟಿಸಿದವರು ನಮ್ಮ ಕೆಳಗಿನ ಮನೆಯ ನಿವೃತ್ತ ನರ್ಸಮ್ಮ. ವಯಸ್ಸು 71. ಅಜ್ಜಿ ಅಂತ ಬರೆಯೋಣ ಅಂದರೆ ಕೈ ಬರುವುದಿಲ್ಲ. ಏರಿನಲ್ಲಿ ನನ್ನನ್ನು ಹಿಂದೆ ಹಾಕಿ, ಮೇಲೆ ಹೋಗಿ ಕಾಯುತ್ತಾ ನಿಂತು, "ಬಂದ್ರಾ?" ಅಂತ ಕೇಳುವವರನ್ನು ಅಜ್ಜಿ ಅನ್ನೋದು ಹೇಗೆ?

"ಮುಂದಿನ ವರ್ಷ ನೀವು ಊರಿಗೆ ಹೋಗುವಾಗ ನಾನೂ ಬರ್ತೇನೆ. ನಿಮ್ಮ ಕಡೆ ಸೈಕಲ್ಲಿಗೆ ಒಳ್ಳೆಯ ದಾರಿ ಯಾವುದು?" ಅಂದರು.

ಎಂಟು ವರ್ಷದಿಂದ ನಾನು ಕಾಯುತ್ತಿದ್ದ ಪ್ರಶ್ನೆ. ಅಷ್ಟೂ ವರ್ಷ ಅವರ ಮುಂದೆ ಮಲೆನಾಡಿನ ಜಂಬ ಕೊಚ್ಚಿದ್ದೇನೆ. ಇಲ್ಲಿನ ಮಳೆ ನೋಡಿ "ಇದೆಲ್ಲಾ ಒಂದು ಮಳೆಯಾ?" ಅಂದಿದ್ದೇನೆ. ಕೂಡಲೇ ಫೋನ್ ತೆಗೆದು ಆಗುಂಬೆ ಘಾಟಿ ತೋರಿಸಿದೆ. 14 ತಿರುವು, ಎರಡೂ ಕಡೆ ಕಾಡು, ಮೇಲಿಂದ ಸೂರ್ಯಾಸ್ತ.

ಅವರು ಕನ್ನಡಕ ಹಣೆಗೇರಿಸಿ ನಕ್ಷೆಯನ್ನು ದೊಡ್ಡದು ಮಾಡಿ ನೋಡಿದರು. "ಇಲ್ಲಿ ಬಸ್ಸು ಓಡಾಡುತ್ತಾ?"

"ಓಡಾಡದೆ ಏನು? ತೀರ್ಥಹಳ್ಳಿಯಿಂದ ಉಡುಪಿಗೆ ಅದೇ ದಾರಿ. ನ್ಯಾಷನಲ್ ಹೈವೇ."

"ಹಾಗಾದ್ರೆ ಇದು ಬಸ್ಸಿನ ದಾರಿ. ನಾನು ಕೇಳಿದ್ದು ನಿಮ್ಮ ದಾರಿ. ನೀವು ಶಾಲೆಗೆ ಹೋಗ್ತಿದ್ದ ದಾರಿ ಯಾವುದು?"

ಅಷ್ಟೇ. ಅವಲಕ್ಕಿ ಗಂಟಲಲ್ಲೇ ಉಳಿಯಿತು.

ನಾವು ಕೂತಿದ್ದದ್ದು ಲೆನ್ಸ್‌ಕಿರ್ಖ್‌ನಿಂದ ಬೊಂಡೋರ್ಫ್ ಕಡೆ ಹೋಗುವ ಸೈಕಲ್ ದಾರಿಯಲ್ಲಿ. 1907ರಲ್ಲಿ ಅಲ್ಲಿ ರೈಲು ಶುರುವಾಗಿತ್ತಂತೆ. ಆಮೇಲೆ ಅದು ನಿಂತು, ಹಳಿ ಕಿತ್ತು, ಆ ಜಾಗವನ್ನೇ ಸೈಕಲ್ಲಿಗೆ ಬಿಟ್ಟರು. ರೈಲಿಗೆ ಮಾಡಿದ ದಾರಿ ನೋಡಿ, ಎಲ್ಲೂ ದಮ್ಮು ಕಟ್ಟುವ ಏರಿಲ್ಲ. ಗುಡ್ಡ ಅಡ್ಡ ಬಂದಲ್ಲಿ ಮೊದಲೇ ಕೊರೆದಿದ್ದಾರೆ, ಕಣಿವೆ ಬಂದಲ್ಲಿ ಸೇತುವೆ ಕಟ್ಟಿದ್ದಾರೆ. ಸುಮ್ನೆ ಕಾಲಾಡಿಸುತ್ತಾ ಹೋದರೆ ಸಾಕು. ಆ ಹೊತ್ತಿಗೆ ನನಗೆ ತರೀಕೆರೆ–ನರಸಿಂಹರಾಜಪುರದ ಟ್ರಾಮು ನೆನಪಾಯಿತು. ಕಾಡಿನ ನಡುವೆ ಓಡುತ್ತಿದ್ದ ಪುಟ್ಟ ರೈಲು ಅದು. ಅಜ್ಜ ಅದರ ಕತೆ ಹೇಳುತ್ತಿದ್ದರು. ಹಳಿ ಹೋಯಿತು, ಕತೆ ಉಳಿಯಿತು.

ನಾವಿರುವುದು ಫ್ರೈಬುರ್ಗ್‌ನಲ್ಲಿ. ನರ್ಸಮ್ಮನ ಉಪಾಯ ಯಾವಾಗಲೂ ಒಂದೇ. ಸೈಕಲ್ಲನ್ನು ರೈಲಿಗೆ ಹತ್ತಿಸಿ ಹಿಂಟರ್‌ತ್ಸಾರ್ಟೆನ್‌ನಲ್ಲಿ ಇಳಿಯುವುದು. ಅಲ್ಲಿಗೆ ರೈಲೇ ನಮ್ಮನ್ನು ಸುಮಾರು 600 ಮೀಟರ್ ಮೇಲಕ್ಕೆ ಎತ್ತಿ ಬಿಟ್ಟಿರುತ್ತದೆ. ದಕ್ಷಿಣ ಬ್ಲ್ಯಾಕ್ ಫಾರೆಸ್ಟನ್ನು ಸುತ್ತುವ ಸುಮಾರು 240 ಕಿಲೋಮೀಟರಿನ ಸೈಕಲ್ ದಾರಿ ಅಲ್ಲಿಂದಲೇ ಶುರು. "ಏರು ರೈಲಿಗೆ, ಇಳಿಜಾರು ನಮಗೆ" ಅನ್ನುತ್ತಾರೆ. ಪೂರ್ತಿ ನಿಜವಲ್ಲ, ನನ್ನ ಮಂಡಿಗೆ ಗೊತ್ತು.

ಇಲ್ಲಿ ಎಲ್ಲಾ ಕಡೆ ನಿಶ್ಶಬ್ದ ಅಂದುಕೊಳ್ಳಬೇಡಿ. ಆ ರೈಲು ಹೋಗುವ ಕಣಿವೆಯಲ್ಲೇ ಬಿ 31 ಅನ್ನೋ ಹೆದ್ದಾರಿ ಇದೆ. ಲಾರಿಗಳ ಸಾಲು ನೋಡಿದರೆ ನೆಲಮಂಗಲ ನೆನಪಾಗುತ್ತದೆ. ಆದರೆ ಅದನ್ನು ಬಿಟ್ಟು ಪಕ್ಕಕ್ಕೆ ತಿರುಗಿದರೆ ಒಂದೇ ಗಾಡಿಯಷ್ಟು ಅಗಲದ ಡಾಂಬರು ದಾರಿಗಳು ಶುರು. ಹಾಲಿನ ಟ್ಯಾಂಕರು, ಹುಲ್ಲಿನ ಟ್ರ್ಯಾಕ್ಟರು, ನಾಟಾ ಸಾಗಿಸುವ ಲಾರಿಗಾಗಿ ಮಾಡಿದವು. ದಾರಿಯ ಬಾಯಲ್ಲಿ ಕೆಂಪು ಬಳೆಯ ಬೋರ್ಡು, ಒಳಗೆ ಕಾರು, ಬೈಕಿನ ಚಿತ್ರ. ಅದರ ಕೆಳಗೆ ಒಂದು ಸಾಲು: ಹೊಲದ ಕೆಲಸ, ಕಾಡಿನ ಕೆಲಸದ ಗಾಡಿಗೆ ಅಡ್ಡಿಯಿಲ್ಲ. ಸೈಕಲ್ಲನ್ನು ಆ ಬೋರ್ಡು ತಡೆಯುವುದೇ ಇಲ್ಲ. ಇಡೀ ಬೆಳಿಗ್ಗೆ ತುಳಿದರೂ ಸಿಗುವುದು ಒಂದು ಟ್ರ್ಯಾಕ್ಟರು, ಒಂದಷ್ಟು ಹಸು, ಬೇಲಿ ಪಕ್ಕದಲ್ಲಿ ಮೊಟ್ಟೆ, ಜಾಮ್ ಇಟ್ಟ ಕಪಾಟು. ದುಡ್ಡು ಹಾಕೋಕೆ ಡಬ್ಬಿ. ನೋಡೋಕೆ ಯಾರೂ ಇರುವುದಿಲ್ಲ. ಮೊದಲ ಸಲ ನಾನು ಎರಡು ಯೂರೋ ಜಾಸ್ತಿಯೇ ಹಾಕಿ ಬಂದೆ, ಎಲ್ಲಿಂದಲೋ ಯಾರೋ ನೋಡುತ್ತಿದ್ದಾರೆ ಅನ್ನೋ ಭಯಕ್ಕೆ.

ಫ್ರೈಬುರ್ಗ್ ಹತ್ತಿರ ಶೌಇನ್ಸ್‌ಲ್ಯಾಂಡ್ ಅನ್ನೋ ಬೆಟ್ಟವಿದೆ. ಒಂದು ಕಾಲದಲ್ಲಿ ಅದರ ರಸ್ತೆಯಲ್ಲಿ ಕಾರ್ ರೇಸು ನಡೆಯುತ್ತಿತ್ತು. ಈಗ ಬೇಸಿಗೆಯ ಶನಿವಾರ, ಭಾನುವಾರ ಅಲ್ಲಿ ಮೋಟಾರ್ ಬೈಕಿಗೆ ಪ್ರವೇಶವಿಲ್ಲ. ನಮಗೂ ರಸ್ತೆ ಮುಚ್ಚೋಕೆ ಬರುತ್ತದೆ ಅನ್ನಿ. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಗಾಡಿ ನಿಲ್ಲಿಸಿದ್ದು 2009ರಲ್ಲೇ. ಆನೆಗೆ ಸಿಕ್ಕ ಮರ್ಯಾದೆ ಸೈಕಲ್ಲಿಗೆ ಇನ್ನೂ ಸಿಕ್ಕಿಲ್ಲ, ಅಷ್ಟೇ.

ಸರಿ, ಶಾಲೆಯ ದಾರಿ.

ತೀರ್ಥಹಳ್ಳಿ ತಾಲೂಕಿನ ನಮ್ಮ ಹಳ್ಳಿಯಿಂದ ಹೈಸ್ಕೂಲಿಗೆ ಆರು ಕಿಲೋಮೀಟರ್. ಮನೆ ಅಂಗಳ ಇಳಿದರೆ ತೋಟ, ತೋಟದ ಕೊನೆಗೆ ಉಣುಗೋಲು. ಅದರ ಗಳಗಳನ್ನು ಒಂದೊಂದಾಗಿ ಸರಿಸಿ, ಸೈಕಲ್ ದಾಟಿಸಿ, ಮತ್ತೆ ಒಂದೊಂದಾಗಿ ಹಾಕಬೇಕು. ಮರೆತರೆ ಸಂಜೆ ಬೈಗುಳ, ದನ ಯಾರ ತೋಟದಲ್ಲಿ ಅನ್ನೋದರ ಮೇಲೆ ಅದರ ಖಾರ. ಆಮೇಲೆ ಸೊಪ್ಪಿನಬೆಟ್ಟ, ತೋಟಕ್ಕೆ ಸೊಪ್ಪು ತರುವ ಕಾಡು. ಬೆಟ್ಟ ಇಳಿದರೆ ಹಳ್ಳ, ಹಳ್ಳಕ್ಕೆ ಅಡಿಕೆ ಮರದ ಸಂಕ. ಮೂರು ಮರ, ಹಿಡಿಯೋಕೆ ಒಂದು ಬಿದಿರು. ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತಿತ್ತು. ಸೈಕಲ್ಲನ್ನು ಹೆಗಲಿಗೆ ಹಾಕಿಕೊಂಡು, ಬಿದಿರು ಹಿಡಿದು, ಅಡ್ಡಡ್ಡ ಹೆಜ್ಜೆ ಇಟ್ಟು ದಾಟುತ್ತಿದ್ದೆ. ಲಂಗ ಚೈನಿಗೆ ಸಿಕ್ಕಿ ಎಷ್ಟು ಸಲ ಹರಿದಿದೆಯೋ. ಶಾಲೆಯಲ್ಲಿ ಕಾಲುಚೀಲ ಬಿಚ್ಚಿದರೆ ಉಂಬಳ ಬಿದ್ದು ಹೊರಳುತ್ತಿತ್ತು, ರಕ್ತ ಕುಡಿದು ದ್ರಾಕ್ಷಿ ಹಣ್ಣಿನಷ್ಟಾಗಿ.

ಆ ಆರು ಕಿಲೋಮೀಟರಿನಲ್ಲಿ ಒಂದು ಸಲವೂ ಯಾವ ಹಾರನ್ನೂ ಕೇಳಲಿಲ್ಲ. ಅದೊಂದು ವಿಶೇಷ ಅಂತ ಆಗ ಅನ್ನಿಸಿರಲೂ ಇಲ್ಲ. ನಮಗೆ ಅದು ಬರೀ "ದಾರಿ ಇಲ್ಲದ ಊರು" ಆಗಿತ್ತು. ರಸ್ತೆ ಬೇಕು ಅಂತ ಬರೆದ ಅರ್ಜಿಯಲ್ಲಿ ಪಿಯುಸಿ ಓದುತ್ತಿದ್ದ ನನ್ನ ಸಹಿಯೂ ಇದೆ. ಅಕ್ಷರ ಚೆನ್ನಾಗಿದೆ ಅಂತ ಅರ್ಜಿ ಬರೆಸಿದ್ದೂ ನನ್ನಿಂದಲೇ.

ರಸ್ತೆ ಬಂತು. ಆಮೇಲೆ ಅಗಲವೂ ಆಯಿತು. ಅಮ್ಮನಿಗೆ ಎದೆನೋವು ಬಂದ ರಾತ್ರಿ ಆ್ಯಂಬುಲೆನ್ಸ್ ಅಂಗಳದ ತನಕ ಬಂದದ್ದು ಆ ರಸ್ತೆಯಿಂದಲೇ. ಹಾಗಾಗಿ ಅದನ್ನು ಬೈಯುವ ಹಕ್ಕು ನನಗಿಲ್ಲ. ಆದರೂ ಸಾಲು ಧೂಪದ ಮರ ಹೋಗಿದ್ದನ್ನು ನೋಡಿದಾಗ ಹೊಟ್ಟೆ ಉರಿಯಿತು. 2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತು. ಸೈಕಲ್ ಬಂತು, ಸೈಕಲ್ಲಿನ ದಾರಿ ಹೋಯಿತು. ಹೋದ ವರ್ಷ ಊರಿಗೆ ಹೋದಾಗ ನನ್ನ ಮಗಳು ಅಣ್ಣನ ಮಗನ ಸೈಕಲ್ ತಗೊಂಡು ಗೇಟು ದಾಟುವಷ್ಟರಲ್ಲಿ ಮನೆಮಂದಿಯೆಲ್ಲಾ ಕೂಗಿಕೊಂಡರು. ಟಿಪ್ಪರ್ ಬರುತ್ತೆ, ಬಾ ಒಳಗೆ.

ಇದನ್ನೆಲ್ಲಾ ನರ್ಸಮ್ಮನಿಗೆ ಜರ್ಮನ್‌ನಲ್ಲಿ ಹೇಳೋಕೆ ಹೊರಟೆ. ಸಂಕಕ್ಕೆ ಏನನ್ನೋದು? ಕೈಯಲ್ಲೇ ಮಾಡಿ ತೋರಿಸಿದೆ. "ಅದು ಈಗಲೂ ಇದೆಯಾ?" ಅಂದರು. ಗೊತ್ತಿರಲಿಲ್ಲ. ಹತ್ತಾರು ಸಲ ಊರಿಗೆ ಹೋಗಿ ಬಂದಿದ್ದೇನೆ, ಒಂದು ಸಲವೂ ತೋಟ ದಾಟಿ ಆ ಕಡೆ ಇಳಿದಿಲ್ಲ. ಕಾರಿನಲ್ಲಿ ಬರುವುದು, ಕಾರಿನಲ್ಲಿ ಹೋಗುವುದು.

ರಾತ್ರಿ ಅಪ್ಪಯ್ಯನಿಗೆ ಫೋನ್ ಮಾಡಿದೆ.

"ಸಂಕವಾ? ಎಂತಕ್ಕೆ ಮಾರಾಯ್ತಿ? ಅದು ಹಳ್ಳಕ್ಕೆ ಬಿದ್ದು ಎಷ್ಟು ವರ್ಷ ಆಯ್ತೋ. ಈಗ ಆ ಕಡೆ ಯಾರು ಹೋಗ್ತಾರೆ?"

ವಿಷಯ ಹೇಳಿದೆ. ಜರ್ಮನಿಯವರು, 71 ವರ್ಷ, ಸೈಕಲ್. ಅಪ್ಪಯ್ಯ ಜೋರಾಗಿ ನಕ್ಕು ಫೋನ್ ಅಮ್ಮನ ಕೈಗೆ ಕೊಟ್ಟರು.

ಬುಧವಾರ ಬೆಳಿಗ್ಗೆ ವಾಟ್ಸಾಪ್‌ನಲ್ಲಿ ಒಂದು ಫೋಟೋ. ಹಳ್ಳ, ಎರಡೂ ದಡದಲ್ಲಿ ಕೆಸುವು, ನೀರಿನಲ್ಲಿ ಅರ್ಧ ಮುಳುಗಿದ ಕಪ್ಪು ಮರ. ಫೋಟೋದ ಮೂಲೆಯಲ್ಲಿ ಅಪ್ಪಯ್ಯನ ಹೆಬ್ಬೆರಳು. ಆಮೇಲೆ ಒಂದು ವಾಯ್ಸ್ ಮೆಸೇಜು, ಏದುಸಿರಿನ ಜೊತೆ:

"ಉಣುಗೋಲಿನ ಕಂಬ ಎರಡೂ ಉಂಟು. ಗಳ ಇಲ್ಲ. ಸಂಕಕ್ಕೆ ಮೂರು ಮರ ಹಾಕಿದ್ರೆ ಆಗ್ತದೆ. ಮಳೆಗಾಲದಲ್ಲಿ ಬೇಡ ಅಂತ ಹೇಳು, ಉಂಬಳ. ಡಿಸೆಂಬರಲ್ಲಿ ಬರ್ಲಿ. ಮತ್ತೆ, ಅವರಿಗೆ ಸೈಕಲ್ ಹೊತ್ಕೊಂಡು ಸಂಕ ದಾಟೋಕೆ ಬರ್ತದಾ ಕೇಳು."