ಇದು ಯಾರ ಸೀರೆ?

ಬುಧವಾರವಾದರೂ ಬೆರಳ ತುದಿಯ ಉರಿ ಹೋಗಿಲ್ಲ. ಶನಿವಾರ, ಭಾನುವಾರ ಎರಡು ದಿನ ಕೌದಿ, ಅಂದರೆ ಹಳೆಯ ಬಟ್ಟೆಯ ತುಂಡುಗಳ ಹೊದಿಕೆ, ಹೊಲಿಯುವುದನ್ನು ಕಲಿಯಲು ಹೋಗಿದ್ದೆ. ಧಾರವಾಡದಲ್ಲಿ ಕೌದಿ ಹೊದ್ದೇ ಬೆಳೆದವಳು 52ನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ, ದುಡ್ಡು ಕೊಟ್ಟು ಅದನ್ನು ಕಲಿಯುತ್ತಾಳೆಂದರೆ ನನ್ನ ತಂಗಿಗೆ ನಗು. ನಗಲಿ.

ಕಲಿಸಲು ಬಂದವರು ಹಳಿಯಾಳದ ಕಡೆಯ ಸಿದ್ದಿ ಸಮುದಾಯದ ಹೆಂಗಸು. ನಮ್ಮ ಕೌದಿ ಅವರ ಬಾಯಲ್ಲಿ ಕವಂದಿ. ನನ್ನ ಪಕ್ಕದಲ್ಲಿದ್ದವರು ಗ್ರಾಫ್ ಹಾಳೆಯಲ್ಲಿ ಚೌಕ ಬರೆದು, ಬಣ್ಣ ತುಂಬಿ, ಅಳತೆಪಟ್ಟಿಯ ಸಮೇತ ಬಂದಿದ್ದರು. ಒಳ್ಳೆಯವರೇ, ಆದರೆ ಇಂಥವರ ಪಕ್ಕ ಕುಳಿತರೆ ನನಗೆ ಏಳನೆಯ ತರಗತಿಯ ಗಣಿತದ ಪರೀಕ್ಷೆ ನೆನಪಾಗುತ್ತದೆ. ಕಲಿಸುವ ಅಕ್ಕ ಆ ಹಾಳೆಯನ್ನು ತಿರುಗಿಸಿ ನೋಡಿದರು, ಕೆಳಗಿಟ್ಟರು, ಅದರ ಮೇಲೆ ದಾರದ ಉಂಡೆ ಇಟ್ಟರು. ಹಾಳೆಯ ಕಥೆ ಅಲ್ಲಿಗೆ ಮುಗಿಯಿತು.

ಕವಂದಿಗೆ ನಕ್ಷೆ ಇಲ್ಲ. ಹಳೆಯ ಸೀರೆಯೊಂದನ್ನು ಹಾಸಿ ಒಂದು ಮೂಲೆಯಿಂದ ಶುರು ಮಾಡಬೇಕು. ತುಂಡಿನ ಅಂಚು ಮಡಿಸುತ್ತಾ, ಸಣ್ಣ ಹೊಲಿಗೆ ಹಾಕುತ್ತಾ ಸುತ್ತು ಬರಬೇಕು. ಸುತ್ತು ಕಿರಿದಾಗುತ್ತಾ ಹೋಗಿ ನಡು ಎಲ್ಲಕ್ಕಿಂತ ಕೊನೆಗೆ ಮುಚ್ಚುತ್ತದೆ. ನಾಲ್ಕು ಮೂಲೆಗೂ ಮಡಿಸಿದ ಮುಕ್ಕೋನದ ಬಟ್ಟೆ ಕೂರಿಸುತ್ತಾರೆ. ಅದಕ್ಕೆ ಫುಲ ಎಂದು ಹೆಸರು. ಅದಿಲ್ಲದಿದ್ದರೆ ಕವಂದಿ ಬೆತ್ತಲೆ!

ನಾನು ಅಂಗಡಿಯಿಂದ ನಾಲ್ಕು ಬಣ್ಣದ ಹೊಸ ಹತ್ತಿ ಬಟ್ಟೆ ಒಯ್ದಿದ್ದೆ, ಇಸ್ತ್ರಿ ಮಾಡಿಕೊಂಡು. ಅಕ್ಕ ಒಂದನ್ನು ಎತ್ತಿ ಹೆಬ್ಬೆರಳಿನಿಂದ ಉಜ್ಜಿ ಕೇಳಿದರು:

‘ಇದು ಯಾರ ಸೀರೆ?’

‘ಸೀರೆಯಲ್ಲ ಅಕ್ಕಾ, ಅಂಗಡಿಯಲ್ಲಿ ಕೊಂಡದ್ದು.’

‘ಸರಿ. ಯಾರದು?’

‘ಯಾರದೂ ಅಲ್ಲ.’

ಅವರು ಬೈಯಲಿಲ್ಲ. ತಮ್ಮ ಗಂಟಿನಿಂದ ಬಣ್ಣ ಹೋದ ಹಸಿರು ತುಂಡೊಂದನ್ನು ಎಳೆದು, ‘ಇದು ನನ್ನ ಅತ್ತಿಗೆಯದು. ಮೊದಲು ಇದರ ಮೇಲೆ ಕೈ ಕೂರಲಿ’ ಎಂದರು. ನನ್ನ ಬಟ್ಟೆಯಲ್ಲಿ ಗಂಜಿಗೆ ಸಿಕ್ಕು ಒದ್ದಾಡುತ್ತಿದ್ದ ಸೂಜಿ ಅತ್ತಿಗೆಯ ಸೀರೆಯಲ್ಲಿ ಬೆಣ್ಣೆಗೆ ಇಳಿದಂತೆ ಇಳಿಯಿತು.

ಅವರು ಕೇಳಿದ್ದು ಇಷ್ಟೇ ಇರಬಹುದು: ಎಷ್ಟು ಒಗೆತ ಕಂಡ ಬಟ್ಟೆ ಇದು? ಹೊಸದನ್ನು ಹಳೆಯದರ ಜೊತೆ ಹೊಲಿದರೆ ಮೊದಲ ಒಗೆತಕ್ಕೇ ಹೊಸದು ಕುಗ್ಗಿ ಇಡೀ ಕೌದಿ ಸುಕ್ಕಾಗುತ್ತದೆ. ಅನುಭವಸ್ಥೆಯ ಪ್ರಶ್ನೆ, ಅದರಲ್ಲಿ ವೇದಾಂತ ಹುಡುಕುವುದು ನನ್ನ ಚಾಳಿ. ಆದರೂ ನಾಲ್ಕು ದಿನದಿಂದ ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ ಅದೇ ಕಿವಿಯಲ್ಲಿದೆ. ಯಾರದು? ಯಾರದೂ ಅಲ್ಲ. ಎಷ್ಟು ಸಲೀಸಾಗಿ ಹೇಳಿಬಿಟ್ಟೆ.

ಅವ್ವನ ಸೀರೆಗಳಿದ್ದವು. ಇಳಕಲ್ ಸೀರೆಗಳು, ಮೈ ಹತ್ತಿ, ಸೆರಗು ಮಾತ್ರ ಕೆಂಪು ರೇಷ್ಮೆ. ಉಟ್ಟು ಉಟ್ಟು ಮಗುವಿನ ಕೆನ್ನೆಯಷ್ಟು ಮೆತ್ತಗಾಗಿದ್ದವು. ಅವ್ವ ತೀರಿಕೊಂಡ ವರ್ಷವೇ, ಹಳೆಯ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವಳು ಬಾಗಿಲಿಗೆ ಬಂದಾಗ ಐದು ಸೀರೆ ಕೊಟ್ಟು ಅಕ್ಕಿಯ ಡಬ್ಬಿ ತೆಗೆದುಕೊಂಡೆವು. ಆರನೆಯದನ್ನೂ ಕೊಡಿ ಎಂದು ಅವಳು ಜಗ್ಗಾಡಿದಳು, ನಾವು ಬಿಡಲಿಲ್ಲ. ಗೆದ್ದೆವೆಂದು ಹಿಗ್ಗಿದ್ದೂ ನೆನಪಿದೆ. ಆರನೆಯದು ಎಲ್ಲಿ ಹೋಯಿತೋ. ಡಬ್ಬಿ ಮಾತ್ರ ಇನ್ನೂ ಇದೆ, ಮುಚ್ಚಳ ಸ್ವಲ್ಪ ನೆಗ್ಗಿದೆ.

ನಿನ್ನೆ ರಾತ್ರಿ ತಂಗಿಗೆ ಫೋನ್ ಮಾಡಿದೆ. ಅವ್ವನದು ಏನಾದರೂ ಉಳಿದಿದೆಯೇ? ಅವಳು ತುಸು ಯೋಚಿಸಿ ಹೇಳಿದಳು: ‘ಒಂದು ಅರ್ಧ ಸೀರೆ ಇದೆ. ಗ್ಯಾಸ್ ಕಟ್ಟೆ ಒರೆಸಲು ಇಟ್ಟುಕೊಂಡಿದ್ದೇನೆ.’

‘ಇನ್ನು ಒರೆಸಬೇಡ’ ಎಂದೆ. ‘ಒಗೆದು ಇಡು. ಭಾನುವಾರ ಬರುತ್ತೇನೆ.’